ಬಂದ ಫೋನು, ಕೊಂಡ ಫೋನು

ನಮ್ಮ ಮನೆಮಾತಿನಲ್ಲಿ ಕೆಲವು ವಸ್ತುಗಳನ್ನು ನಾವು ತರುತ್ತೇವೆ, ಕೆಲವು ತಾವಾಗಿ ಬರುತ್ತವೆ. ಅಕ್ಕಿ ತರುತ್ತೇವೆ, ಸೀರೆ ತರುತ್ತೇವೆ, ಕುಕ್ಕರು ತರುತ್ತೇವೆ. ಆದರೆ ನಲ್ಲಿ ನೀರು ಬಂತು, ಕರೆಂಟು ಬಂತು, ಗ್ಯಾಸು ಬಂತು ಎನ್ನುತ್ತೇವೆ. ಯಾವುದಕ್ಕಾಗಿ ಬಾಗಿಲ ಕಡೆ ನೋಡುತ್ತ ಕಾಯಬೇಕೋ, ಯಾವುದನ್ನು ಕೊಡುವುದೂ ಬಿಡುವುದೂ ಇನ್ನೊಬ್ಬರ ಕೈಯಲ್ಲಿರುತ್ತದೋ, ಅದು ಬರುವ ವಸ್ತು. ಫೋನು ಬಹಳ ಕಾಲ ಈ ಎರಡನೆಯ ಗುಂಪಿಗೇ ಸೇರಿತ್ತು. "ಅವರ ಮನೆಗೆ ಫೋನು ಬಂತಂತೆ" ಎಂದು ನನ್ನ ಬಾಲ್ಯದ ಚಾಮರಾಜಪೇಟೆಯಲ್ಲಿ ಹೆಂಗಸರು ಹೇಳುತ್ತಿದ್ದುದು, ಮನೆಗೆ ಸೊಸೆ ಬಂದಳು ಎನ್ನುವಷ್ಟೇ ಗಂಭೀರವಾಗಿ.

ಈಗ ಗಾಂಧಿ ಬಜಾರಿನಲ್ಲಾಗಲಿ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಾಗಲಿ ಹತ್ತು ಹೆಜ್ಜೆಗೊಂದು ಮೊಬೈಲ್ ಅಂಗಡಿ. ಗಾಜಿನ ಪೆಟ್ಟಿಗೆಯೊಳಗೆ ನೂರು ಬಗೆಯ ಸೆಟ್ಟುಗಳು, ಗೋಡೆಯ ಮೇಲೆ ನೂರು ಬಗೆಯ ಪ್ಲಾನುಗಳು. ಇಷ್ಟೆಲ್ಲ ಇದ್ದರೂ ನಮ್ಮ ವಯಸ್ಸಿನ ಎಷ್ಟೋ ಹೆಂಗಸರಿಗೆ ಫೋನು ಇವತ್ತಿಗೂ ಬರುತ್ತದೆಯೇ ಹೊರತು ಅವರು ಕೊಳ್ಳುವುದಿಲ್ಲ. ಮಗ ಹೊಸದು ತೆಗೆದುಕೊಂಡಾಗ ಅವನ ಹಳೆಯದು ಅಮ್ಮನಿಗೆ ಬರುತ್ತದೆ. ಅದರೊಳಗಿನ ಸಿಮ್ಮು ಯಜಮಾನರ ಹೆಸರಿನಲ್ಲಿರುತ್ತದೆ, ಪ್ಲಾನನ್ನು ಅಳಿಯನೋ ಮೊಮ್ಮಗನೋ ಆರಿಸಿರುತ್ತಾನೆ. ಬರುವ ಫೋನಿನಿಂದ ಕೊಳ್ಳುವ ಫೋನಿನವರೆಗೆ ನಮ್ಮ ಊರು ಎಪ್ಪತ್ತೈದು ವರ್ಷ ನಡೆದಿದೆ. ಆ ದಾರಿಯನ್ನು ಹೆಂಗಸರ ಕಡೆಯಿಂದ ಒಮ್ಮೆ ನೋಡಬೇಕೆಂಬುದು ನನ್ನ ಆಸೆ.

ಚರಿತ್ರೆ ಪಾಠ ಮಾಡುವವಳಾದ್ದರಿಂದ ಇಸವಿಯಿಂದಲೇ ಆರಂಭಿಸುತ್ತೇನೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ ಟೆಲಿಫೋನಿಗೆ ಹಕ್ಕುಪತ್ರ ಪಡೆದದ್ದು 1876ರಲ್ಲಿ. ಆರೇ ವರ್ಷದಲ್ಲಿ, 1882ರ ಜನವರಿಯಲ್ಲಿ, ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಎಕ್ಸ್‌ಚೇಂಜುಗಳು ತೆರೆದವು. ಬೇಗ ಬಂದರೂ ಅದು ದೊರೆಗಳ, ವ್ಯಾಪಾರಿಗಳ ಸೊತ್ತಾಗಿಯೇ ಉಳಿಯಿತು. ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿದ್ದ ಫೋನುಗಳು ಸುಮಾರು 80 ಸಾವಿರ.

ಆ ಬಡತನವನ್ನು ನೀಗಿಸಲು ಹೊಸ ಸರ್ಕಾರ ಆರಿಸಿಕೊಂಡ ಊರು ನಮ್ಮದೇ. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐ.ಟಿ.ಐ., ಹುಟ್ಟಿತು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮ ಅದು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂದು ಹೆಸರಿಟ್ಟರು. 'ದೂರವಾಣಿ' ಎಂಬ ಆ ಚಂದದ ಶಬ್ದವನ್ನು ಈಗ ಯಾರೂ ಆಡುವುದಿಲ್ಲ, ಊರಿನ ಹೆಸರಿನಲ್ಲಿ ಮಾತ್ರ ಜೋಪಾನವಾಗಿದೆ. ದೇಶದ ಮನೆಮನೆಗಳಲ್ಲಿ ಕುಳಿತಿದ್ದ ಆ ಭಾರವಾದ ಕಪ್ಪು ಫೋನು, ಬೆರಳು ತೂರಿಸಿ ತಿರುಗಿಸಿದರೆ ಗರ್‍ರ್ ಎಂದು ಹಿಂದಕ್ಕೆ ಬರುವ ಡಯಲು, ಎಲ್ಲ ನಮ್ಮೂರಿನ ಕಾರ್ಖಾನೆಯ ಕೂಸುಗಳು. ಅವನ್ನು ಜೋಡಿಸುವ ಸಾಲುಗಳಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ದುಡಿದರು. ಬೆಳಿಗ್ಗೆ ಐ.ಟಿ.ಐ. ಬಸ್ಸಿಗೆ ಡಬ್ಬಿ ಹಿಡಿದು ಕಾಯುತ್ತಿದ್ದ ಮಧ್ಯಮವರ್ಗದ ಸ್ತ್ರೀಯರು ಬೆಂಗಳೂರಿನ ಬೀದಿಗೆ ಹೊಸ ಚಿತ್ರವಾಗಿದ್ದರು.

ವಿಚಿತ್ರ ನೋಡಿ. ಫೋನು ತಯಾರಾಗುವುದು ಊರಿನ ಒಂದು ಮೂಲೆಯಲ್ಲಿ, ಅದಕ್ಕಾಗಿ ವರ್ಷಗಟ್ಟಲೆ ಕಾಯುವುದು ಅದೇ ಊರಿನ ಇನ್ನೊಂದು ಮೂಲೆಯಲ್ಲಿ. ಕಾರಣ ಇಷ್ಟೇ. ಫೋನಿನ ಡಬ್ಬಿಯೊಂದಿದ್ದರೆ ಸಾಲದು, ಎಕ್ಸ್‌ಚೇಂಜಿನಲ್ಲಿ ಅದಕ್ಕೊಂದು ಜಾಗವಿರಬೇಕು, ಆ ಜಾಗದಿಂದ ನಮ್ಮ ಗೋಡೆಯವರೆಗೆ ಜೋಡಿ ತಾಮ್ರದ ತಂತಿ ಬರಬೇಕು. ಇದಕ್ಕೆಲ್ಲ ಬೇಕಾದ ಹಣವನ್ನು ಸರ್ಕಾರ ಅಣೆಕಟ್ಟಿಗೆ, ಗೊಬ್ಬರಕ್ಕೆ, ಉಕ್ಕಿಗೆ ಮೊದಲು ಕೊಟ್ಟಿತು. ಫೋನು ಷೋಕಿಯ ವಸ್ತು ಎಂಬ ಎಣಿಕೆ ಬಹಳ ದಿನ ಇತ್ತು. ಹೆಚ್ಚು ಠೇವಣಿ ಕಟ್ಟಿದವರಿಗೆ ಬೇಗ ಸಿಗುವ 'ಓ.ವೈ.ಟಿ.' ಎಂಬ ಸಾಲು ಬೇರೆ, ನಮ್ಮಂಥವರ ಸಾಮಾನ್ಯ ಸಾಲು ಬೇರೆ. ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾಯುವವರಿಗೆ ಒಳಗಿನಿಂದ ತುಪ್ಪದ ವಾಸನೆಯಾದರೂ ಬರುತ್ತದೆ. ನಮ್ಮ ತಂದೆಗೆ ಅದೂ ಇಲ್ಲ. 1983ರಲ್ಲಿ ಅರ್ಜಿ ಹಾಕಿದರು, 1990ರಲ್ಲಿ ಫೋನು ಬಂತು. ಅರ್ಜಿ ಹಾಕಿದಾಗ ಪ್ರೌಢಶಾಲೆಯಲ್ಲಿದ್ದ ನಾನು ಫೋನು ಬರುವಷ್ಟರಲ್ಲಿ ಬಿ.ಎ. ಮುಗಿಸಿ ಬಿ.ಇಡಿ. ಸೇರಿದ್ದೆ.

ಆ ಏಳು ವರ್ಷ ನಮ್ಮದು 'ಪಿ.ಪಿ. ನಂಬರು'. ನಾಲ್ಕು ಮನೆ ಆಚೆಯಿದ್ದ ವಕೀಲರ ಮನೆಯ ನಂಬರನ್ನೇ ನಮ್ಮದೆಂದು ಕಾಗದದಲ್ಲಿ ಬರೆದು, ಪಕ್ಕದಲ್ಲಿ ಪಿ.ಪಿ. ಎಂದು ಸೇರಿಸುವುದು. ಅವರ ಮನೆಯ ಹುಡುಗ ಬಂದು "ನಿಮಗೆ ಫೋನು" ಎಂದು ಕೂಗಿದರೆ ಅಮ್ಮ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಓಡುವರು. ಅಲ್ಲಿ ಹಜಾರದ ನಟ್ಟನಡುವೆ, ವಕೀಲರ ಕಕ್ಷಿಗಾರರ ಎದುರಿಗೆ ನಿಂತು ಏನು ಮಾತಾಡಿಯಾರು? "ಹೂಂ, ಚೆನ್ನಾಗಿದೀವಿ, ನೀವೆಲ್ಲ ಚೆನ್ನಾಗಿದೀರಾ, ಇಡ್ತೀನಿ" ಅಷ್ಟೆ. ಅಜ್ಜಿಗೆ ಹುಷಾರಿಲ್ಲವೆಂದು ಅಜ್ಜಿಯ ಊರಿನಿಂದ ಟ್ರಂಕ್ ಕಾಲ್ ಬಂದರೂ ಮಾತು ಅಷ್ಟೇ, ಅಳು ಮಾತ್ರ ಮನೆಗೆ ಬಂದಮೇಲೆ.

ನಮ್ಮ ಮನೆಗೇ ಫೋನು ಬಂದಮೇಲಾದರೂ ಬಹಳ ಬದಲಾಯಿತೇ? ಫೋನು ನಡುಮನೆಯ ಗೂಡಿನಲ್ಲಿ ಕುಳಿತಿತು, ಅದಕ್ಕೆ ಅಮ್ಮ ಕ್ರೋಷಾದ ಹೊದಿಕೆ ಹೆಣೆದರು. ಬಿಲ್ಲು ಹೆಚ್ಚಾದೀತೆಂದು ಡಯಲಿನ ತೂತಿಗೆ ಪುಟ್ಟ ಬೀಗ ಬಿತ್ತು, ಬೀಗದ ಕೈ ತಂದೆಯ ಬಳಿ. ಡೈರೆಕ್ಟರಿಯಲ್ಲಿ ಅಚ್ಚಾದದ್ದು ತಂದೆಯ ಹೆಸರು. ಆ ದಪ್ಪ ಪುಸ್ತಕದ ಪುಟ ತಿರುಗಿಸಿದರೆ ಡಾಕ್ಟರಮ್ಮಂದಿರ, ಒಂಟಿ ಹೆಂಗಸರ ಹೆಸರು ಅಲ್ಲೊಂದು ಇಲ್ಲೊಂದು ಸಿಗುತ್ತಿತ್ತು, ಉಳಿದ ಮನೆಗಳೆಲ್ಲ ಗಂಡಸರ ಹೆಸರಿನವೇ. ಮದುವೆಯಾಗಿ ಹೋದ ಗೆಳತಿಯ ನಂಬರು ಹುಡುಕಬೇಕಾದರೆ ಅವಳ ಗಂಡನ ಇನಿಷಿಯಲ್ಲು ಗೊತ್ತಿರಬೇಕಿತ್ತು. ಗೊತ್ತಿಲ್ಲವೋ, ಗೆಳತಿ ಕಳೆದುಹೋದಳು. ನಾನು ಹಾಗೆ ಕಳೆದುಕೊಂಡವರು ಇಬ್ಬರು.

ಹೆಂಗಸರಿಗೆ ಮೊದಲು ಬಾಗಿಲು ಹಾಕಿಕೊಂಡು ಮಾತಾಡುವ ಅವಕಾಶ ಕೊಟ್ಟದ್ದು, ನನ್ನ ಲೆಕ್ಕದಲ್ಲಿ, ಬೀದಿಯ ಎಸ್.ಟಿ.ಡಿ. ಬೂತು. ಆಪರೇಟರ ಹಂಗಿಲ್ಲದೆ ನೇರವಾಗಿ ಬೇರೆ ಊರಿಗೆ ಡಯಲ್ ಮಾಡುವ ಈ ವ್ಯವಸ್ಥೆ ನಮ್ಮ ದೇಶದಲ್ಲಿ ಮೊದಲು ಬಂದದ್ದು 1960ರಲ್ಲಿ, ಲಖನೌ ಮತ್ತು ಕಾನ್ಪುರದ ನಡುವೆ. ಆದರೆ ಅದು ಬೀದಿಗಿಳಿಯಲು 1980ರ ದಶಕವೇ ಬೇಕಾಯಿತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ, ಸ್ಯಾಮ್ ಪಿತ್ರೋಡಾ ಅವರಂಥವರ ಉತ್ಸಾಹದಲ್ಲಿ, ನಮ್ಮ ಬಿಸಿಲು ಧೂಳಿಗೆ ತಡೆಯುವ, ಹವಾನಿಯಂತ್ರಣ ಬೇಡದ ಪುಟ್ಟ ಎಕ್ಸ್‌ಚೇಂಜನ್ನು ರೂಪಿಸಿತು. ಅಂಥ ಮೊದಲ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಕೆಲಸ ಆರಂಭಿಸಿದ್ದು ಎಲ್ಲಿ ಗೊತ್ತೆ? ಕಿತ್ತೂರಿನಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಮಕ್ಕಳಿಗೆ ಈ ಸಂಗತಿ ಹೇಳಿದಾಗಲೆಲ್ಲ ತರಗತಿಯ ಹುಡುಗಿಯರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಬೂತುಗಳು ಬಂದವು ನೋಡಿ, ಹಳದಿ ಬೋರ್ಡು, ಕಪ್ಪು ಅಕ್ಷರ, ಗಾಜಿನ ಪುಟ್ಟ ಕೋಣೆ, ತಲೆಯ ಮೇಲೆ ಕೆಂಪು ಅಂಕಿ ಓಡುವ ಮೀಟರು. ಅಂಗವಿಕಲರಿಗೆ, ವಿಧವೆಯರಿಗೆ ಎಷ್ಟೋ ಕಡೆ ಅದೇ ಜೀವನಾಧಾರವಾಯಿತು. ಗೋಡೆಗೆ ದರಪಟ್ಟಿ ಅಂಟಿಸಿರುತ್ತಿದ್ದರು. ಹಗಲು ಪೂರ್ತಿ ದರ, ಸಂಜೆಯಾದಂತೆ ಇಳಿಯುತ್ತ ಇಳಿಯುತ್ತ ರಾತ್ರಿ 11ರ ಮೇಲೆ ಕಾಲು ದರ. ಇದೇ ನಾವು ಕಂಡ ಮೊದಲ 'ಪ್ಲಾನು'. ಅದನ್ನು ಆರಿಸಿದವರು ಹೆಂಗಸರು. ಯಾವ ಮಾತಿಗೆ ಹಗಲಿನ ದರ ಕೊಡಬಹುದು, ಯಾವುದು ಹನ್ನೊಂದರವರೆಗೆ ಕಾಯಬಹುದು ಎಂದು ತೂಗಿ ನೋಡುವುದರಲ್ಲಿ ನಮ್ಮಮ್ಮ ಯಾವ ಅಕೌಂಟೆಂಟಿಗೂ ಕಡಿಮೆಯಿರಲಿಲ್ಲ. ಬಾಣಂತಿಯ ಸುದ್ದಿ ಹಗಲಿಗೆ, ಸೀಮಂತದ ಮುಹೂರ್ತ ಸಂಜೆಗೆ, ಅತ್ತೆಮನೆಯ ಸಂಕಟ ರಾತ್ರಿ ಹನ್ನೊಂದಕ್ಕೆ. ಆ ಹೊತ್ತಿಗೆ ಚಾಮರಾಜಪೇಟೆಯ ಬೂತಿನ ಮುಂದೆ ಶಾಲು ಹೊದ್ದ ಹೆಂಗಸರ ಸಾಲು ನಿಂತಿರುತ್ತಿತ್ತು. ಮನೆಯಲ್ಲಿ ಫೋನಿದ್ದವರೂ ಅಲ್ಲಿ ನಿಲ್ಲುತ್ತಿದ್ದರೆಂಬುದನ್ನು ಗಮನಿಸಬೇಕು. ಗಾಜಿನ ಬಾಗಿಲು ಮುಚ್ಚಿಕೊಂಡಮೇಲೆ ಅಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲ, ಅದಕ್ಕೆ.

ಮೊಬೈಲಿನ ಕಥೆ ನಿಮಗೆಲ್ಲ ತಿಳಿದದ್ದೇ, ಬೇಗ ಹೇಳಿಬಿಡುತ್ತೇನೆ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತದಿಂದ ದೆಹಲಿಯಲ್ಲಿದ್ದ ಸಚಿವ ಸುಖರಾಂ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಆಗಿನ ದರ ನಿಮಿಷಕ್ಕೆ 8 ರೂಪಾಯಿಯಿಂದ 16 ರೂಪಾಯಿಯ ತನಕ. ನಮಗೆ ಯಾರಾದರೂ ಮಾಡಿದರೂ ನಾವೇ ದುಡ್ಡು ಕೊಡಬೇಕು! ಕರ್ನಾಟಕಕ್ಕೆ ಜೆ.ಟಿ. ಮೊಬೈಲ್ಸ್, ಸ್ಪೈಸ್ ಎಂಬ ಎರಡು ಕಂಪನಿಗಳು ಬಂದವು. ಜೆ.ಟಿ. 1999ರಲ್ಲಿ ಏರ್‌ಟೆಲ್‌ನವರ ಕೈ ಸೇರಿತು. ಸ್ಪೈಸ್ 2008ರಲ್ಲಿ ಐಡಿಯಾದ ಪಾಲಾಯಿತು, ಹಚ್ 2007ರಲ್ಲಿ ವೊಡಾಫೋನ್ ಆಯಿತು, 2018ರಲ್ಲಿ ಐಡಿಯಾ ಮತ್ತು ವೊಡಾಫೋನ್ ಒಂದಾದವು. ಒಂದೇ ಸಿಮ್ಮು ಇಟ್ಟುಕೊಂಡು ಕದಲದೆ ಕೂತವರ ಫೋನಿನಲ್ಲೂ ಕಂಪನಿಯ ಹೆಸರು ಬದಲಾಗುತ್ತ ಬಂತು, ಮದುವೆಯಾದ ಹೆಣ್ಣಿನ ಇನಿಷಿಯಲ್ಲಿನ ಹಾಗೆ.

ಒಳಗೆ ಬರುವ ಕರೆ 2003ರಲ್ಲಿ ಪುಕ್ಕಟೆಯಾದದ್ದೇ ನಿಜವಾದ ಕ್ರಾಂತಿ. ಹೂವಾಡಗಿತ್ತಿಯ ಬುಟ್ಟಿಯಲ್ಲೂ ಫೋನು ಕಾಣಿಸಿದ್ದು ಅದರ ನಂತರ. ಹತ್ತು ರೂಪಾಯಿಗೆ 'ಕರೆನ್ಸಿ' ಹಾಕಿಸಿಕೊಂಡು, ಮಿಸ್ ಕಾಲ್ ಕೊಟ್ಟು ತಿಂಗಳು ಸಾಗಿಸಿದ ದಿನಗಳವು. ಒಂದು ರಿಂಗಾದರೆ ಬಸ್ಸು ಹತ್ತಿದೆ, ಎರಡಾದರೆ ಅನ್ನಕ್ಕಿಡು. 2009ರಲ್ಲಿ ಸೆಕೆಂಡಿನ ಲೆಕ್ಕ ಬಂತು. 2011ರ ಜನವರಿ 20ರಿಂದ ನಂಬರು ಉಳಿಸಿಕೊಂಡು ಕಂಪನಿ ಬದಲಾಯಿಸುವ ಹಕ್ಕು ದೇಶಕ್ಕೆಲ್ಲ ಸಿಕ್ಕಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ದರಗಳನ್ನೆಲ್ಲ ನೆಲಕ್ಕಿಳಿಸಿತು. 2019, 2021, 2024ರಲ್ಲಿ ಕಂಪನಿಗಳೆಲ್ಲ ಮತ್ತೆ ಏರಿಸಿದವು.

ಫೋನು ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ನನಗೆ ಮುಖಕ್ಕೆ ಹೊಡೆದ ಹಾಗೆ ಎದುರಾದದ್ದು 2020ರಲ್ಲಿ, ಕೊರೋನಾ ಬಂದು ಶಾಲೆ ಮುಚ್ಚಿದಾಗ. ಪಾಠವನ್ನೆಲ್ಲ ಫೋನಿನಲ್ಲಿ ಕಳಿಸು ಎಂದರು. ಕಳಿಸಿದೆ. ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂತು ಪಟಪಟನೆ ಉತ್ತರ ಹೇಳುತ್ತಿದ್ದ ಹುಡುಗಿಯರು ಮಾಯವಾದರು. ವಿಚಾರಿಸಿದರೆ, "ಅಪ್ಪ ಕೆಲಸಕ್ಕೆ ತಗೊಂಡು ಹೋಗ್ತಾರೆ ಮಿಸ್", "ಹಗಲು ಅಣ್ಣನ ಹತ್ರ ಇರುತ್ತೆ ಮಿಸ್". ಮನೆಗೊಂದೇ ಫೋನಿದ್ದಲ್ಲಿ ಸರದಿಯ ಕೊನೆಗೆ ನಿಂತವಳು ಮಗಳು. ಅವಳಿಗಿಂತಲೂ ಹಿಂದೆ ಅವಳ ತಾಯಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾನೇ ಬಳಸುವ ಮೊಬೈಲ್ ಇದ್ದ ಹೆಂಗಸರು ದೇಶದಲ್ಲಿ ನೂರಕ್ಕೆ ಸುಮಾರು 54. ಮನೆಗೆ ಬಂದ ಫೋನು ಬೇರೆ, ತನ್ನ ಕೈಗೆ ಬಂದ ಫೋನು ಬೇರೆ ಎಂಬುದನ್ನು ಆ ಅಂಕಿ ಹೇಳುತ್ತದೆ.

ಓದಿದವರ, ಪೇಟೆಯವರ ಮನೆಗಳಲ್ಲಿ ಹೀಗಿಲ್ಲ ಎನ್ನಬೇಡಿ. ಅಲ್ಲಿ ಕೈಗೆ ಬಂದಿರುತ್ತದೆ, ಹೆಸರಿಗೆ ಬಂದಿರುವುದಿಲ್ಲ. ಮಲ್ಲೇಶ್ವರದಲ್ಲಿರುವ ನಮ್ಮ ಅತ್ತಿಗೆಯ ಸಂಗತಿ ಹೇಳುತ್ತೇನೆ. ನಮ್ಮಣ್ಣ ಎಲ್ಲದರಲ್ಲೂ ಅಚ್ಚುಕಟ್ಟು. ತಮಗೊಂದು, ಅತ್ತಿಗೆಗೊಂದು ಎಂದು ಎರಡು ನಂಬರು ಮಾಡಿಸಿ ಎರಡನ್ನೂ ತಮ್ಮ ಹೆಸರಿನ ಒಂದೇ ಬಿಲ್ಲಿಗೆ ಸೇರಿಸಿದ್ದರು. ತಿಂಗಳು ತಿಂಗಳು ಬ್ಯಾಂಕಿನಿಂದ ದುಡ್ಡು ತಾನಾಗಿ ಕಟ್ಟಿಹೋಗುತ್ತಿತ್ತು. 2021ರಲ್ಲಿ ಅಣ್ಣ ತೀರಿಕೊಂಡರು. ಅವರ ಬ್ಯಾಂಕ್ ಖಾತೆ ನಿಂತಿತು, ಬಿಲ್ಲು ಕಟ್ಟುವುದು ನಿಂತಿತು, ವೈಕುಂಠ ಸಮಾರಾಧನೆ ಮುಗಿದು ಸ್ವಲ್ಪ ದಿನಕ್ಕೆ ಅತ್ತಿಗೆಯ ಫೋನೂ ನಿಂತಿತು.

ಫೋನು ನಿಂತರೆ ಮಾತು ಮಾತ್ರ ನಿಲ್ಲುವ ಕಾಲವೇ ಇದು? ಅತ್ತಿಗೆಯ ಸ್ವಂತ ಖಾತೆಗೂ ಆಧಾರಿಗೂ ಜೋಡಿಸಿದ್ದು ಆ ನಂಬರೇ. ಫ್ಯಾಮಿಲಿ ಪೆನ್ಷನ್ನಿನ ಅರ್ಜಿಗೂ ಬರೆದದ್ದು ಆ ನಂಬರೇ. ಓ.ಟಿ.ಪಿ. ಎನ್ನುವ ಆರಂಕಿ ಬಾರದಿದ್ದರೆ ತನ್ನ ದುಡ್ಡಿಗೆ ತಾನೇ ಪರಕೀಯಳು. ಕಂಪನಿಯ ಅಂಗಡಿಗೆ ಹೋದರೆ ಅಲ್ಲಿನ ಹುಡುಗಿ ಪರದೆ ನೋಡಿ, "ಮೇಡಂ, ಇದು ನಿಮ್ಮ ನಂಬರ್ ಅಲ್ಲ. ಸರ್ ಬಂದು ಸೈನ್ ಮಾಡಬೇಕು" ಎಂದಳು. ಅತ್ತಿಗೆ ಏನೂ ಹೇಳಲಿಲ್ಲ. ಹೊರಗೆ ಬಂದಮೇಲೆ ಎಂಟನೇ ಕ್ರಾಸಿನ ಜನಜಂಗುಳಿಯಲ್ಲಿ ನಿಂತು, "ಹನ್ನೆರಡು ವರ್ಷ ನಾನೇ ಮಾತಾಡಿದ ನಂಬರು ಕಣೇ, ನನ್ನದಲ್ಲವಂತೆ" ಎಂದರು. ಮರಣ ಪತ್ರ, ಆಧಾರ್, ಮಗನ ಒಪ್ಪಿಗೆ ಎಂದು ಮೂರು ವಾರ ಅಲೆದಮೇಲೆ ಆ ನಂಬರು ಅವರ ಹೆಸರಿಗೆ ಬಂತು.

ಸೈಟು ಹೆಂಡತಿಯ ಹೆಸರಿನಲ್ಲಿರಲಿ ಎನ್ನುವ ಗಂಡಸರಿದ್ದಾರೆ, ಒಡವೆಯಂತೂ ನಮ್ಮದೇ ಎನ್ನುತ್ತೇವೆ. ಸಿಮ್ಮಿನ ವಿಷಯ ಯಾರೂ ಯೋಚಿಸಿರುವುದಿಲ್ಲ. ಆದರೆ ಇವತ್ತು ಬ್ಯಾಂಕು, ಪೆನ್ಷನ್ನು, ಆಸ್ಪತ್ರೆಯ ಚೀಟಿ, 2023ರಿಂದ ಬರುತ್ತಿರುವ ಗೃಹಲಕ್ಷ್ಮಿಯ ಹಣದ ಸುದ್ದಿ, ಎಲ್ಲದರ ಬೀಗದ ಕೈ ಆ ಚೂರು ಕಾರ್ಡು. ಆಗಿನ ಡಯಲಿನ ಬೀಗಕ್ಕೆ ಕೀಲಿ ಅಪ್ಪನ ಜೇಬಿನಲ್ಲಿತ್ತು. ಈಗಿನದು ಎಲ್ಲಿದೆಯೆಂದು ನಾವೇ ನೋಡಿಕೊಳ್ಳಬೇಕು. ನೋಡುವುದು ಕಷ್ಟವೇನಲ್ಲ. ಕೇಂದ್ರ ಸರ್ಕಾರ 2023ರಲ್ಲಿ ತೆರೆದ ಸಂಚಾರ್ ಸಾಥಿ ಎಂಬ ತಾಣದಲ್ಲಿ, ನಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆ ಎಂದು ತಿಳಿಯಬಹುದು. ನಮಗೇ ಗೊತ್ತಿಲ್ಲದ ನಂಬರು ಅಲ್ಲಿದ್ದರೆ ನಮ್ಮದಲ್ಲವೆಂದು ದೂರಬಹುದು. ನಮ್ಮದೆಂದುಕೊಂಡದ್ದು ಅಲ್ಲಿಲ್ಲದಿದ್ದರೆ ಅದು ಬೇರೆಯವರ ಹೆಸರಿನಲ್ಲಿದೆ ಎಂದರ್ಥ.

ಕಳೆದ ವರ್ಷ ನನ್ನ ಹಳೆಯ ಸೆಟ್ಟು ಕೈಕೊಟ್ಟಾಗ, ಅತ್ತಿಗೆಗೂ ಒಂದು ಬೇಕಿತ್ತು, ಇಬ್ಬರೂ ಹೊರಡುವ ಮುಂಚೆ ಒಂದು ನೋಟು ಪುಸ್ತಕ ಹಿಡಿದು ಕುಳಿತೆವು. ಮದುವೆಗೆ ಸಾಮಾನಿನ ಪಟ್ಟಿ ಮಾಡುವಾಗ ಅಂಗಡಿಯವನನ್ನು ಕೇಳಿ ಬರೆಯುತ್ತೇವೆಯೇ? ನಮ್ಮ ಮನೆಗೆ ಎಷ್ಟು ಜನ ಎಂದು ನೋಡಿ ಬರೆಯುತ್ತೇವೆ. ಫೋನಿಗೂ ಹಾಗೆಯೇ.

ಮೊದಲನೆಯದು, ಯಾವ ಕಂಪನಿ. ಜಾಹೀರಾತು ನೋಡಿ ತಿಳಿಯುವಂಥದ್ದಲ್ಲ ಇದು. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆಗಳು, ಉಳಿದಿರುವ ಹಳೆಯ ಮನೆಗಳ ಗೋಡೆಗಳು ಒಂದೂವರೆ ಅಡಿ ದಪ್ಪ. ಬೀದಿಯಲ್ಲಿ ಚೆನ್ನಾಗಿ ಸಿಗುವ ಸಿಗ್ನಲ್ಲು ಅಡಿಗೆಮನೆಯಲ್ಲಿ ಸತ್ತುಹೋಗುತ್ತದೆ. ಅತ್ತಿಗೆಯ ಮನೆಯಲ್ಲಿ ಮೂರು ಕಂಪನಿಯ ಫೋನುಳ್ಳ ಮೂವರು ನೆಂಟರನ್ನು ಕಾಫಿಗೆ ಕರೆದು, ಅಡಿಗೆಮನೆ, ದೇವರಮನೆ, ಹಿತ್ತಲಲ್ಲಿ ನಿಲ್ಲಿಸಿ ಮಾತಾಡಿಸಿ ನೋಡಿದೆವು. ನಗು ಬಂದರೂ ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ಗೆದ್ದ ಕಂಪನಿಗೆ ಬದಲಾಗುವುದೂ ಸುಲಭ. ಪೋರ್ಟ್ ಎಂಬ ಶಬ್ದವನ್ನು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಮ್ಮ ನಂಬರು ಸೇರಿಸಿ 1900ಕ್ಕೆ ಸಂದೇಶ ಕಳಿಸಿದರೆ ಎಂಟಕ್ಷರದ ಸಂಕೇತ ಬರುತ್ತದೆ. ಅದನ್ನು ಹೊಸ ಕಂಪನಿಗೆ ಕೊಟ್ಟರಾಯಿತು, ನಂಬರು ಹಳೆಯದೇ. ಈಗಿರುವ ಕಂಪನಿಯಲ್ಲಿ 90 ದಿನವಾದರೂ ಕಳೆದಿರಬೇಕು, ಬಾಕಿ ಇರಬಾರದು, ಅಷ್ಟೆ.

ಎರಡನೆಯದು, ಎಷ್ಟು ಬೇಕು. ಫೋನಿನ ಸೆಟ್ಟಿಂಗ್ಸಿನಲ್ಲಿ ಹೋಗಿ ತಿಂಗಳಿಗೆ ಎಷ್ಟು ಡೇಟಾ ಖರ್ಚಾಗಿದೆ ಎಂದು ನೋಡಬಹುದು. ಅತ್ತಿಗೆ ಮೂರು ಹೊತ್ತೂ ಮನೆಯ ವೈಫೈನಲ್ಲೇ ಇರುವವರು, ಅವರದು ತಿಂಗಳಿಗೆ ಎರಡು ಜಿ.ಬಿ. ದಾಟಿರಲಿಲ್ಲ. ಅವರು ಹಾಕಿಸುತ್ತಿದ್ದುದು ದಿನಕ್ಕೆ ಎರಡು ಜಿ.ಬಿ.ಯ ಪ್ಲಾನು! ದಿನದ ಡೇಟಾ ನಡುರಾತ್ರಿಗೆ ತೀರಿಹೋಗುತ್ತದೆ, ಮಾರನೆಯ ದಿನಕ್ಕೆ ಉಳಿಯುವುದಿಲ್ಲ. ನಿತ್ಯ ಎರಡು ಪಾವು ಅನ್ನ ಮಾಡಿ ಒಂದು ಹಿಡಿ ಉಂಡು ಉಳಿದದ್ದನ್ನು ಚೆಲ್ಲಿದ ಹಾಗೆ. ಮಾತು ಮತ್ತು ಸಂದೇಶಕ್ಕೆ ಮಾತ್ರ ದುಡ್ಡು ಕೊಟ್ಟರೆ ಸಾಕೆನ್ನುವವರಿಗೆ ಬೇರೆ ಪ್ಲಾನು ಇಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ಕಂಪನಿಗಳಿಗೆ ಕಟ್ಟು ಮಾಡಿತು. 365 ದಿನಗಳ ತನಕದ ಅವಧಿಗೂ ಅವಕಾಶ ಕೊಟ್ಟಿತು. ಅಂಗಡಿಯವರು ತಾವಾಗಿ ಅದನ್ನು ತೋರಿಸುವುದು ಕಡಿಮೆ, ಬಾಯಿಬಿಟ್ಟು ಕೇಳಬೇಕು.

ಮೂರನೆಯದು ತಿಂಗಳ ಲೆಕ್ಕ. ಕ್ಯಾಲೆಂಡರಿನ ತಿಂಗಳು ಬೇರೆ, ಫೋನಿನ ತಿಂಗಳು ಬೇರೆ. ಫೋನಿನದು 28 ದಿನ. ವರ್ಷಕ್ಕೆ 12 ಸಲ ಕಟ್ಟುತ್ತೇವೆ ಎಂದುಕೊಳ್ಳುತ್ತೇವೆ, 28ನ್ನು 13ರಿಂದ ಗುಣಿಸಿ ನೋಡಿ, 364. ಅಂದರೆ ಕಟ್ಟುವುದು 13 ಸಲ. ಈ ದೂರು ಹೆಚ್ಚಾಗಿ, 30 ದಿನದ್ದೊಂದು, ಪ್ರತಿ ತಿಂಗಳೂ ಅದೇ ತಾರೀಖಿಗೆ ಬರುವಂಥದ್ದೊಂದು ಪ್ಲಾನಾದರೂ ಇರಬೇಕೆಂದು 2022ರಲ್ಲಿ ನಿಯಮವಾಯಿತು. ಎರಡು ಪ್ಲಾನುಗಳನ್ನು ಹೋಲಿಸುವಾಗ ಬೆಲೆಯನ್ನು ದಿನಗಳಿಂದ ಭಾಗಿಸಿ, ದಿನಕ್ಕೆಷ್ಟು ಬಿತ್ತು ಎಂದು ನೋಡುವುದೊಂದೇ ದಾರಿ. ನಿಖರ ಬೆಲೆಗಳನ್ನು ನಾನಿಲ್ಲಿ ಬರೆಯುವುದಿಲ್ಲ, ಪುಸ್ತಕ ನಿಮ್ಮ ಕೈ ಸೇರುವಷ್ಟರಲ್ಲಿ ಬದಲಾಗಿರುತ್ತವೆ. ಭಾಗಾಕಾರ ಬದಲಾಗುವುದಿಲ್ಲ.

ಸೆಟ್ಟಿನ ವಿಷಯಕ್ಕೆ ಬಂದರೆ, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂಬುದನ್ನು ಅಂಗಡಿಯವನು ತಾನಾಗಿ ಹೇಳುತ್ತಾನೆ. ಕೇಳಬೇಕಾದ್ದು ಬೇರೆ ಇವೆ. ಕಂಪನಿ ಇನ್ನೆಷ್ಟು ವರ್ಷ ಅದರ ಸುರಕ್ಷೆಯ ಅಪ್‌ಡೇಟ್ ಕೊಡುತ್ತದೆ? ಅದು ನಿಂತ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಚಿಲಕವಿಲ್ಲದ ಬಾಗಿಲ ಹಿಂದೆ ಮಲಗಿದ ಹಾಗೆ. ಮಗನ ಹಳೆಯ ಫೋನು ಪುಕ್ಕಟೆ ಬಂದರೂ ಈ ಒಂದು ಪ್ರಶ್ನೆ ಕೇಳಿಯೇ ತೆಗೆದುಕೊಳ್ಳಬೇಕು. ಒಂದೇ ಕೈಯಲ್ಲಿ ಹಿಡಿಯಲು ಬರುತ್ತದೆಯೇ, ಮಿಕ್ಸಿಯ ಸದ್ದಿನಲ್ಲೂ ರಿಂಗು ಕೇಳುತ್ತದೆಯೇ, ಅಕ್ಷರ ದೊಡ್ಡದು ಮಾಡಿದರೆ ಸಾಲು ಅಸ್ತವ್ಯಸ್ತವಾಗುತ್ತದೆಯೇ? ಕನ್ನಡದಲ್ಲಿ ಬರೆದು ನೋಡಿ. ಇಂಗ್ಲಿಷ್ ಕೀಲಿ ಒತ್ತಿ ಕನ್ನಡ ಮೂಡಿಸುವ ವಿನ್ಯಾಸವನ್ನು ಕೆ.ಪಿ. ರಾವ್ ಅವರು ಕಂಪ್ಯೂಟರಿಗಾಗಿ ರೂಪಿಸಿಕೊಟ್ಟ ಪುಣ್ಯ ಇವತ್ತು ಫೋನಿಗೂ ಬಂದಿದೆ, ಅದೂ ಬೇಡವೆಂದರೆ ಬೆರಳಿನಲ್ಲಿ ಗೀಚಿದರೂ, ಬಾಯಲ್ಲಿ ಹೇಳಿದರೂ ಕನ್ನಡ ಮೂಡುತ್ತದೆ. ದುಡ್ಡು ಕೊಡುವ ಮುಂಚೆ ನಕ್ಷತ್ರ, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಒತ್ತಿದರೆ 15 ಅಂಕಿಯ ಗುರುತಿನ ಸಂಖ್ಯೆ ಕಾಣುತ್ತದೆ. ಅದು ಡಬ್ಬಿಯ ಮೇಲೂ ಬಿಲ್ಲಿನ ಮೇಲೂ ಒಂದೇ ಇರಬೇಕು. ಫೋನು ಕಳುವಾದರೆ ಅದನ್ನು ಯಾರೂ ಬಳಸದಂತೆ ಸಂಚಾರ್ ಸಾಥಿಯಲ್ಲಿ ನಿಲ್ಲಿಸಲು ಬೇಕಾಗುವುದು ಅದೇ ಸಂಖ್ಯೆ.

ಈ ಪಟ್ಟಿ ಹಿಡಿದು ಗಾಂಧಿ ಬಜಾರಿನ ಅಂಗಡಿಯೊಂದಕ್ಕೆ ಹೋದೆವು. "ಯಾರಿಗೆ ಆಂಟಿ, ಮಗನಿಗಾ?" ಎಂದು ಹುಡುಗ ಕೇಳಿದ. ತಪ್ಪು ಅವನದಲ್ಲ, ದಿನವೂ ಅವನು ಕಾಣುವುದು ಅದನ್ನೇ. "ನಮಗೇ ಕಣಪ್ಪ" ಎಂದು ಅತ್ತಿಗೆ ನೋಟು ಪುಸ್ತಕ ತೆರೆದರು. ಒಂದು ಗಂಟೆ ಕೂತೆವು. ಅವನು ತೋರಿಸಿದ ಮೊದಲ ನಾಲ್ಕನ್ನು ಅತ್ತಿಗೆ ಬದಿಗಿಟ್ಟರು. ಕೊನೆಗೆ ಆರಿಸಿದ್ದು ನಡುಬೆಲೆಯ ಒಂದು ಫೋನು. ಅದರ ಡಬ್ಬಿಯ ಮೇಲೆ ಭಾರತದಲ್ಲಿ ತಯಾರಾದದ್ದು ಎಂದಿತ್ತು. ದೂರವಾಣಿನಗರದ ಸಾಲುಗಳಲ್ಲಿ ನಮ್ಮ ತಾಯಂದಿರ ವಯಸ್ಸಿನವರು ಕೂತಿದ್ದರು. ಈಗ ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ನಮ್ಮ ಶಿಷ್ಯೆಯರ ವಯಸ್ಸಿನ ಹುಡುಗಿಯರು ಫೋನು ಜೋಡಿಸುತ್ತಿದ್ದಾರೆ. ಸಿ-ಡಾಟ್ ಕೂಡ ಸುಮ್ಮನೆ ಕೂತಿಲ್ಲ. 2025ರ ಸೆಪ್ಟೆಂಬರ್ 27ರಂದು ಬಿ.ಎಸ್.ಎನ್.ಎಲ್. ಆರಂಭಿಸಿದ ಸ್ವದೇಶಿ 4ಜಿಯ ಹಿಂದೆ ಅದರ ದುಡಿಮೆಯಿದೆ, ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸಿನದೂ ಇದೆ. ಮಾಡುವ ಕೈಗಳಲ್ಲಿ ಹೆಣ್ಣಿನ ಕೈ ಯಾವಾಗಲೂ ಇತ್ತು, ಆರಿಸುವ ಕೈಗಳಲ್ಲಿ ಇರಲಿಲ್ಲ.

ಅತ್ತಿಗೆ ಆ ದಿನವೇ ಕಂಪನಿಯನ್ನೂ ಬದಲಾಯಿಸಿದರು. ಹುಡುಗ ಅವರ ಆಧಾರ್ ನೋಡಿ ಪರದೆಯ ಮೇಲೆ ಹೆಸರು ತುಂಬಿದ. "ಸರಿಯಿದೆಯಾ ನೋಡಿ ಆಂಟಿ" ಎಂದು ತಿರುಗಿಸಿ ತೋರಿಸಿದ. ಅತ್ತಿಗೆ ಕನ್ನಡಕ ಏರಿಸಿ, ಇನಿಷಿಯಲ್ಲಿನಿಂದ ಹಿಡಿದು ಒಂದೊಂದಕ್ಷರವನ್ನೂ ಓದಿ, "ಹೂಂ, ನಾನೇ" ಎಂದರು. ಆಮೇಲೆ ಫೋಟೋ ತೆಗೆಯಲು ಅವನು ಫೋನೆತ್ತಿ, "ಒಂದ್ಸಲ ಕಣ್ಣು ಮಿಟುಕಿಸಿ" ಎಂದ. ಜೀವಂತ ಇರುವವರೇ ಬಂದಿದ್ದಾರೆಂದು ಕಂಪನಿಗೆ ಖಾತ್ರಿಯಾಗಲು ಹಾಗಂತೆ. ಅತ್ತಿಗೆ ಮಿಟುಕಿಸಿದರು, ಒಂದಲ್ಲ, ಎರಡು ಸಲ.